ಮಂಜೂರಾತಿ ಪತ್ರ

ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಅದರ ಪೂರ್ವದ ಬಡಾವಣೆಗಳಲ್ಲಿಯೂ ಮನೆಯೊಳಗೆ ಕುಳಿತು ದುಡಿಯುವ ಹೆಂಗಸರು ಬಹುಮಂದಿ. ಹಲಸೂರಿನ ಓಣಿಯಲ್ಲಿ ಸೀರೆಗೆ ಕುಚ್ಚು ಕಟ್ಟುವವರು, ಶಿವಾಜಿನಗರದ ಇಕ್ಕಟ್ಟಾದ ಕೋಣೆಯಲ್ಲಿ ರವಿಕೆ ಹೊಲಿಯುವವರು, ಕೃಷ್ಣರಾಜಪುರದ ಕಡೆ ಊದುಬತ್ತಿ ಹೊಸೆಯುವವರು, ಇವರೆಲ್ಲರ ಗಳಿಕೆ ಅಲ್ಪ; ಅದೂ ಕೆಲಸ ಬಂದ ದಿನ ಮಾತ್ರ. ಸ್ವಂತದ್ದೊಂದು ಒಳ್ಳೆಯ ಯಂತ್ರವಿದ್ದಿದ್ದರೆ ಎಂಬುದು ಇಂಥವರ ಬಹುಕಾಲದ ಬಯಕೆ. ಈ ಬಯಕೆಯನ್ನು ಸರ್ಕಾರವೂ ಬಲ್ಲದು, ವಂಚಕನೂ ಬಲ್ಲ.

ಹಲಸೂರಿನ ಅಂಥ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳೋಣ. ಒಂದು ಮಧ್ಯಾಹ್ನ ಆಕೆಯ ಮೊಬೈಲಿಗೆ ಪತ್ರವೊಂದು ಬರುತ್ತದೆ. ಮೇಲೆ ಸಿಂಹಲಾಂಛನ, ಕೆಳಗೆ ಮೊಹರು, ನಡುವೆ ಆಕೆಯ ಹೆಸರು. ಗೃಹೋದ್ಯೋಗಕ್ಕೆಂದು ಎರಡು ಲಕ್ಷ ರೂಪಾಯಿ ಮಂಜೂರಾಗಿದೆಯಂತೆ. ಕಡತದ ವೆಚ್ಚ 1,500 ರೂಪಾಯಿ ಕಟ್ಟಿದರೆ ನಾಳೆಯೇ ಹಣ ಬರುವುದಂತೆ. ಆಕೆ ಪಕ್ಕದ ಮನೆಯಿಂದ ಸಾಲ ತಂದು ಕಟ್ಟುತ್ತಾಳೆ. ಮರುದಿನ ತೆರಿಗೆಯೆಂದು 4,000, ಅದರ ಮರುದಿನ ವಿಮೆಯೆಂದು 9,000 ಕೇಳುತ್ತಾರೆ. ಇಲ್ಲಿ ಮನಸ್ಸಿನ ನಡೆಯೊಂದನ್ನು ಗಮನಿಸಬೇಕು. ಮೊದಲ ಕಂತನ್ನು ಕಟ್ಟಿಸಿದ್ದು ಆಸೆ. ಉಳಿದವನ್ನು ಕಟ್ಟಿಸುವುದು ಭಯ. ಈಗ ನಿಲ್ಲಿಸಿದರೆ ಕೊಟ್ಟದ್ದೂ ಹೋಯಿತಲ್ಲ ಎಂಬ ಅಳುಕೇ ವಂಚಕನ ಆಳಾಗಿ ದುಡಿಯುತ್ತದೆ. ಮೋಸಹೋದವರನ್ನು ದಡ್ಡರೆಂದು ನಗುವವರು ಈ ನಡೆಯನ್ನು ಅರಿಯದವರು.

ಈ ಸುಳ್ಳು ನಿಲ್ಲುವುದು ನಿಜದ ಆಸರೆಯಿಂದ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯಲ್ಲಿ ದರ್ಜಿಗಳೂ ಸೇರಿ 18 ಕಸುಬಿನವರಿಗೆ ಸಲಕರಣೆಗಾಗಿ 15,000 ರೂಪಾಯಿಯವರೆಗೆ ನೆರವುಂಟು, ನೋಂದಣಿಗೆ ಶುಲ್ಕವಿಲ್ಲ. ಆದರೆ 'ಪ್ರಧಾನಮಂತ್ರಿ ಉಚಿತ ಹೊಲಿಗೆ ಯಂತ್ರ ಯೋಜನೆ' ಎಂದು ಹರಡಿದ ಸುದ್ದಿ ಸುಳ್ಳೆಂದು ಕೇಂದ್ರದ ಪತ್ರಿಕಾ ಮಾಹಿತಿ ಕಾರ್ಯಾಲಯ ಸಾರಿದೆ. 2015ರ ಮುದ್ರಾ ಯೋಜನೆಯ ಹೆಸರಿನಲ್ಲಿ ಶುಲ್ಕ ಕೇಳುವ ಮಂಜೂರಾತಿ ಪತ್ರಗಳೂ ನಕಲಿಯೆಂದು ಅದೇ ಕಾರ್ಯಾಲಯ ತಿಳಿಸಿದೆ. ಮುದ್ರಾ ಸಂಸ್ಥೆ ಯಾರಿಗೂ ನೇರವಾಗಿ ಸಾಲ ಕೊಡುವುದೇ ಇಲ್ಲ. ಸಾಲ ಕೊಡುವವು ಬ್ಯಾಂಕು ಮೊದಲಾದ ಸಂಸ್ಥೆಗಳು.

ನಿಜವಾದ ಸಹಾಯಧನ ಸಾಗುವ ದಾರಿ ಬಲು ನಿಧಾನದ್ದು. 2008ರಲ್ಲಿ ಜಾರಿಗೆ ಬಂದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನು ನೋಡಿರಿ. ಅರ್ಜಿ ಹಾಕಬೇಕು, ಉದ್ಯಮದ ಯೋಜನಾ ವರದಿ ಕೊಡಬೇಕು, ಬ್ಯಾಂಕು ಒಪ್ಪಬೇಕು, ತರಬೇತಿ ಪಡೆಯಬೇಕು. ನಗರದ ಮಹಿಳೆಗೆ ಯೋಜನಾವೆಚ್ಚದ ಶೇಕಡ 25ರಷ್ಟು ಸಹಾಯಧನವುಂಟು. ಆದರೆ ಅದು ಆಕೆಯ ಕೈಗೆ ಬರುವುದಿಲ್ಲ. ಮೂರು ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿದ್ದು, ಅನಂತರ ಸಾಲಕ್ಕೆ ವಜಾ ಆಗುತ್ತದೆ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ 'ಉದ್ಯೋಗಿನಿ'ಯಲ್ಲಿಯೂ ಸಾಲ ಬರುವುದು ಬ್ಯಾಂಕಿನ ಮೂಲಕವೇ. ಕಚೇರಿಗೆ ಅಲೆಯುವುದು ಬೇಸರದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಸರ್ಕಾರ ಆ ಅಲೆದಾಟವನ್ನು ಕಡಿಮೆ ಮಾಡಿದಷ್ಟೂ ವಂಚಕನಿಗೆ ಗಿರಾಕಿಗಳು ಕಡಿಮೆಯಾಗುವರೆಂದು ನನ್ನ ಅಭಿಪ್ರಾಯ. ಅದೇನೇ ಇರಲಿ, ಅರ್ಜಿಯನ್ನೇ ಹಾಕದವಳಿಗೆ ಮಂಜೂರಾತಿ ಬಂದಿತೆಂದರೆ, ಬರುವ ಹಣಕ್ಕೆ ಮುಂಗಡ ಕೇಳಿದರೆಂದರೆ, ಅಲ್ಲಿಗೆ ಪರೀಕ್ಷೆ ಮುಗಿಯಿತು.

ಮೋಸವು ಯಾವಾಗಲೂ ಅಪರಿಚಿತನಿಂದಲೇ ಬರುವುದೆಂದು ತಿಳಿಯಬಾರದು. ಸಹಾಯಧನದ ಮಾತಲ್ಲದಿದ್ದರೂ, 2019ರ ಜೂನ್ ತಿಂಗಳಿನಲ್ಲಿ ಶಿವಾಜಿನಗರದ ಐ.ಎಂ.ಎ. ಸಂಸ್ಥೆ ಕುಸಿದ ಪ್ರಸಂಗ ಇಲ್ಲಿ ನೆನೆಯತಕ್ಕದ್ದು. ಮೊದಮೊದಲು ತಿಂಗಳು ತಿಂಗಳು ಲಾಭ ಪಡೆದವರ ಮಾತನ್ನು ನಂಬಿ ಬಂಧುಗಳೂ ನೆರೆಯವರೂ ಹಣ ಹೂಡಿದ್ದರು. ಕೊನೆಗೆ ಸಾವಿರಾರು ಜನ ದೂರು ಕೊಡಲು ಸಾಲುಗಟ್ಟಿ ನಿಲ್ಲಬೇಕಾಯಿತು. ನಕಲಿ ಮಂಜೂರಾತಿ ಪತ್ರವೂ ಎಷ್ಟೋ ವೇಳೆ ಪರಿಚಿತರ ವಾಟ್ಸಾಪ್ ಗುಂಪಿನಿಂದಲೇ ಬರುತ್ತದೆ. ಕಳುಹಿಸಿದ ಅಕ್ಕನೋ ಅತ್ತೆಯೋ ಒಳ್ಳೆಯವರೇ. ಅವರೂ ನಂಬಿದ್ದಾರೆ, ಅಷ್ಟೆ.

ಇನ್ನೊಂದು ಅಪಾಯವಿದೆ. ಕೆಲವರು ಹಣ ಕೇಳದೆ ಆಧಾರ್ ಪ್ರತಿಯನ್ನೂ ಬ್ಯಾಂಕಿನ ಪಾಸ್‌ಪುಸ್ತಕವನ್ನೂ ಕೇಳುತ್ತಾರೆ, ಅಥವಾ ಮೊಬೈಲಿಗೆ ಬಂದ ಓ.ಟಿ.ಪಿ. ಸಂಖ್ಯೆಯನ್ನು ಹೇಳೆನ್ನುತ್ತಾರೆ. ಆ ಖಾತೆಯ ಮೂಲಕ ಕದ್ದ ಹಣ ಹರಿದರೆ ಪೊಲೀಸರು ಮೊದಲು ಬರುವುದು ಖಾತೆಯ ಒಡತಿಯ ಮನೆಗೆ.

ಹಣ ಹೋದ ಕೂಡಲೇ 1930ಕ್ಕೆ ಕರೆಮಾಡಬೇಕು. ಅದು ದೇಶಕ್ಕೆಲ್ಲ ಒಂದೇ ಸಹಾಯವಾಣಿ. ವಂಚಕನು ಹಣವನ್ನು ಖಾತೆಯಿಂದ ಖಾತೆಗೆ ಜಾರಿಸುವ ಮೊದಲೇ ಅದನ್ನು ತಡೆಹಿಡಿಯಲು ಸಾಧ್ಯವಾಗುವುದುಂಟು. ಗಂಟೆಗಳು ಕಳೆದಂತೆ ಆ ಸಾಧ್ಯತೆ ಕುಗ್ಗುತ್ತದೆ. ಆದರೆ ಮನೆಯವರಿಗೆ ತಿಳಿದರೆ ಏನೆನ್ನುವರೋ ಎಂಬ ನಾಚಿಕೆಯಿಂದ ಅನೇಕರು ಪತ್ರವನ್ನು ಅಳಿಸಿ ಸುಮ್ಮನಾಗುತ್ತಾರೆ. ನಿಮ್ಮ ಮನೆಯಲ್ಲಿ ಅಂಥ ಸಂದರ್ಭ ಬಂದರೆ ತಾಯಿಯನ್ನೋ ಅಜ್ಜಿಯನ್ನೋ ಗದರದೆ, ಪಕ್ಕದಲ್ಲಿ ಕುಳಿತು ಆ ಪತ್ರ, ಕರೆ ಬಂದ ಸಂಖ್ಯೆ, ಹಣ ಕಟ್ಟಿದ ಹೊತ್ತು ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳಿರಿ. ದೂರು ಕೊಡುವಾಗ ಮೊದಲು ಕೇಳುವುದು ಅದನ್ನೇ.