ಹವಾಮಾನ ಒಪ್ಪಂದದ ಆರನೆಯ ವಿಧಿ: ಉದ್ದಿಮೆದಾರರು ಅರಿಯಬೇಕಾದುದು

ಹವಾಮಾನ ಬದಲಾವಣೆಯ ಅಂತರರಾಷ್ಟ್ರೀಯ ಒಪ್ಪಂದಗಳೆಂದರೆ ಹೊಗೆ ತಗ್ಗಿಸುವ ಗುರಿಗಳ ಪಟ್ಟಿ ಮಾತ್ರ ಎಂಬ ಭಾವನೆ ಉದ್ದಿಮೆ ವಲಯದಲ್ಲಿ ಸಾಮಾನ್ಯವಾಗಿದೆ. ವಾಸ್ತವದಲ್ಲಿ, 1992ರಲ್ಲಿ ಅಂಗೀಕೃತವಾಗಿ 1994ರ ಮಾರ್ಚ್ 21ರಂದು ಜಾರಿಗೆ ಬಂದ ವಿಶ್ವಸಂಸ್ಥೆಯ ಚೌಕಟ್ಟು ಒಪ್ಪಂದದ ಆರನೆಯ ವಿಧಿಯು ಶಿಕ್ಷಣ, ತರಬೇತಿ ಹಾಗೂ ಜನಜಾಗೃತಿಗೇ ಮೀಸಲಾಗಿದೆ. ಈ ವಿಧಿಯು ಸಣ್ಣ ಉದ್ದಿಮೆಯ ಲೆಕ್ಕಪುಸ್ತಕವನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ವಿಧಿ ಸಾಗಿಬಂದ ದಾರಿ

ಆರನೆಯ ವಿಧಿಯ ಅನುಷ್ಠಾನಕ್ಕೆ ಮೊದಲ ಕಾರ್ಯಕ್ರಮ ರೂಪುಗೊಂಡದ್ದು 2002ರಲ್ಲಿ, ನಮ್ಮ ನವದೆಹಲಿಯ ಸಮ್ಮೇಳನದಲ್ಲಿ. 2012ರಲ್ಲಿ ದೋಹಾ ಹಾಗೂ 2021ರಲ್ಲಿ ಗ್ಲಾಸ್ಗೋ ಕಾರ್ಯಕ್ರಮಗಳು ಅದನ್ನು ಮುಂದುವರಿಸಿದವು. ಗ್ಲಾಸ್ಗೋ ಕಾರ್ಯಕ್ರಮದ ಅವಧಿ ಹತ್ತು ವರ್ಷ. 2015ರ ಪ್ಯಾರಿಸ್ ಒಪ್ಪಂದದ ಹನ್ನೆರಡನೆಯ ವಿಧಿಯೂ ಇದೇ ಹೊಣೆಯನ್ನು ಪುನರುಚ್ಚರಿಸಿದೆ. ಶಿಕ್ಷಣ, ತರಬೇತಿ, ಜನಜಾಗೃತಿ, ಮಾಹಿತಿಯ ಲಭ್ಯತೆ, ಸಾರ್ವಜನಿಕ ಸಹಭಾಗಿತ್ವ ಮತ್ತು ಅಂತರರಾಷ್ಟ್ರೀಯ ಸಹಕಾರ ಇದರ ಆರು ಅಂಗಗಳು.

ಭಾರತದಲ್ಲಿ ಶಾಲಾ ಶಿಕ್ಷಣದ ಅಂಗಕ್ಕೆ ನ್ಯಾಯಾಲಯದ ಬಲವೂ ಇದೆ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲೇ ಪರಿಸರ ಶಿಕ್ಷಣದ ಬಗ್ಗೆ ನಿರ್ದೇಶನ ನೀಡಿತು. ಆದರೆ ಎರಡನೆಯ ಅಂಗವಾದ ತರಬೇತಿಯು ಕಾರ್ಖಾನೆಯ ಅಂಗಳಕ್ಕೂ ಬರಬೇಕಾಗಿದೆ.

ವ್ಯಾಪಾರಕ್ಕೇನು ಸಂಬಂಧ?

ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಹೊಂದಾಣಿಕೆ ವ್ಯವಸ್ಥೆಯ ವರದಿ ಹಂತವು 2023ರ ಅಕ್ಟೋಬರ್‌ನಲ್ಲಿ ಆರಂಭವಾಯಿತು; 2026ರ ಜನವರಿ 1ರಿಂದ ಆರ್ಥಿಕ ಹೊಣೆಯ ಹಂತ ಜಾರಿಯಲ್ಲಿದೆ. ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್, ರಸಗೊಬ್ಬರಗಳೊಡನೆ ಬೋಲ್ಟು, ನಟ್ಟುಗಳೂ ಇದರ ವ್ಯಾಪ್ತಿಯಲ್ಲಿವೆ. ವರ್ಷಕ್ಕೆ 50 ಟನ್ನಿನವರೆಗೆ ಮಾತ್ರ ತರಿಸುವ ಆಮದುದಾರರಿಗೆ ವಿನಾಯಿತಿ ಇದೆ. ಶುಲ್ಕ ತೆರುವವನು ಆಮದುದಾರನೇ; ಆದರೆ ಅಂಕಿಅಂಶ ಒದಗಿಸಬೇಕಾದವರು ನಾವು. ಪರಿಶೀಲಿತ ನೈಜ ಅಂಕಿ ದೊರೆಯದಿದ್ದಲ್ಲಿ ಒಕ್ಕೂಟವು ನಿಗದಿಪಡಿಸಿದ, ಹೆಚ್ಚಳ ಸೇರಿಸಿದ ಮೌಲ್ಯವೇ ಅನ್ವಯವಾಗುತ್ತದೆ.

ಒಂದು ಕಲ್ಪಿತ ಉದಾಹರಣೆ: 100 ಟನ್ ಬೋಲ್ಟು ರವಾನೆಯಾಗಿದ್ದು, ನಿಗದಿತ ಮೌಲ್ಯವು ನೈಜ ಅಂಕಿಗಿಂತ ಟನ್ನಿಗೆ ಅರ್ಧ ಟನ್ ಇಂಗಾಲಾಮ್ಲದಷ್ಟು ಹೆಚ್ಚಿದೆ ಎನ್ನೋಣ. ವ್ಯತ್ಯಾಸ 50 ಟನ್. ಟನ್ನಿಗೆ 75 ಯೂರೋ ದರದಲ್ಲಿ, ಇತರ ಹೊಂದಾಣಿಕೆಗಳನ್ನು ಬದಿಗಿಟ್ಟರೆ, 3,750 ಯೂರೋ ಹೆಚ್ಚುವರಿ ಹೊರೆ. ಇದನ್ನು ಗ್ರಾಹಕನು ನಮ್ಮ ಬೆಲೆಯಲ್ಲಿ ಕಡಿತ ಕೇಳಬಹುದು, ಇಲ್ಲವೇ ಬೇರೆ ಪೂರೈಕೆದಾರನನ್ನು ಅರಸಬಹುದು.

ಯಾರಿಗೆ ಯಾವ ತರಬೇತಿ?

1. ಖರೀದಿ ವಿಭಾಗ: ಬೋಲ್ಟಿನ ಲೆಕ್ಕದಲ್ಲಿ ದೊಡ್ಡ ಪಾಲು ಕಚ್ಚಾ ಉಕ್ಕಿನದು. ಆದ್ದರಿಂದ ಬಿಲ್ಲಿನೊಡನೆ ಉಕ್ಕಿನ ಕಾರ್ಖಾನೆಯ ಹೊರಸೂಸುವಿಕೆಯ ವಿವರವನ್ನೂ ಕೇಳಿ ಪಡೆಯಬೇಕು.

2. ಉಗ್ರಾಣ ಮತ್ತು ಕುಲುಮೆ ವಿಭಾಗ: ಇಂಧನದ ಬಳಕೆಯನ್ನು ಉತ್ಪನ್ನವಾರು ದಾಖಲಿಸಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲಾಮ್ಲ ಹೊರಬೀಳುತ್ತದೆ.

3. ಲೆಕ್ಕಪತ್ರ ವಿಭಾಗ: ಈ ದಾಖಲೆಗಳನ್ನು ಖರೀದಿ ಬಿಲ್ಲು ಹಾಗೂ ದಾಸ್ತಾನು ಪುಸ್ತಕದೊಡನೆ ತಾಳೆ ನೋಡಬೇಕು. ತಾಳೆಯಾಗದ ಅಂಕಿಯು ಪರಿಶೀಲಕರ ಮುಂದೆ ನಿಲ್ಲದು.

ಇವುಗಳಲ್ಲಿ ಯಾವುದಕ್ಕೂ ವಿಜ್ಞಾನದ ಪದವಿ ಬೇಕಿಲ್ಲ. ಶಿಸ್ತಿನ ಲೆಕ್ಕ ಬರೆಯುವ ಅಭ್ಯಾಸ ಸಾಕು. ತರಬೇತಿಗೆ ಕಳುಹಿಸಿದ ಗುಮಾಸ್ತನ ಎರಡು ದಿನದ ಸಂಬಳವನ್ನು ನಷ್ಟವೆಂದು ಎಣಿಸುವ ಮುನ್ನ ಮೇಲಿನ ಲೆಕ್ಕವನ್ನು ಸದಸ್ಯರು ಮತ್ತೊಮ್ಮೆ ಅವಲೋಕಿಸುವುದು ಒಳಿತು.