ಜೀವಶಾಸ್ತ್ರ ಓದುವ ಮೋರಟಗಿಯ ಮಕ್ಕಳಿಗೆ ಒಂದು ಮಾತು

ಮೋರಟಗಿಯಲ್ಲಿ ಹೈಸ್ಕೂಲು ಓದುವ ನಿಮ್ಮಲ್ಲಿ ಬಹಳ ಮಂದಿ ಒಕ್ಕಲು ಮನೆಯ ಮಕ್ಕಳು. ಮುಂಜಾನೆ ತೊಗರಿ ಹೊಲದ ಬದು ಹಿಡಿದು ಬರುತ್ತೀರಿ, ಸಂಜೆ ಅದೇ ಬದು ಹಿಡಿದು ಹೋಗುತ್ತೀರಿ. ನಡುವೆ ತರಗತಿಯಲ್ಲಿ ಕೂತು ‘ದ್ವಿದಳ ಧಾನ್ಯದ ಬೇರುಗಂಟುಗಳಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಇರುತ್ತದೆ’ ಎಂದು ಉರು ಹೊಡೆಯುತ್ತೀರಿ. ಆ ಗಂಟು ಹೇಗಿರುತ್ತದೆ ಎಂದು ಯಾರಾದರೂ ಕೇಳಿದರೆ ಗೈಡ್ ತಿರುವುತ್ತೀರಿ! ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ.

ಮೊದಲು ಒಂದು ಕೆಲಸ ಮಾಡಿ. ಮುಂಗಾರಿ ಬೆಳೆಗೆ ಒಂದೂವರೆ ತಿಂಗಳಾದಾಗ ಮನೆಯ ಹಿರಿಯರನ್ನು ಕೇಳಿಕೊಂಡು ಒಂದೇ ಒಂದು ತೊಗರಿ ಇಲ್ಲವೇ ಶೇಂಗಾ ಗಿಡ ತೆಗೆಯಿರಿ. ಜಗ್ಗಿ ಕೀಳಬೇಡಿ, ಗಂಟುಗಳು ಎರೆಮಣ್ಣಿನಲ್ಲೇ ಉಳಿದುಬಿಡುತ್ತವೆ. ಮಣ್ಣು ಹಸಿ ಇರುವಾಗ ಕುರ್ಪಿಯಿಂದ ಸುತ್ತ ಕೆದರಿ, ಹೆಂಟೆ ಸಮೇತ ಎತ್ತಿ, ಬಕೆಟ್ ನೀರಿನಲ್ಲಿ ನೆನೆಹಾಕಿ ಮೆಲ್ಲಗೆ ಅಲ್ಲಾಡಿಸಿ. ಬೇರಿಗೆ ಹತ್ತಿದ ಸಣ್ಣ ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಅಲ್ಲಿ ಕೆಲಸ ನಡೆದಿದೆ, ಗಾಳಿಯ ಸಾರಜನಕ ಗಿಡಕ್ಕೆ ದಕ್ಕುತ್ತಿದೆ ಎಂದು ತಿಳಿಯಿರಿ. ಆ ಕೆಂಪು ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು. ನಿಮ್ಮ ರಕ್ತದ ಹಿಮೋಗ್ಲೋಬಿನ್ನಿನ ಬಳಗದ್ದೇ ಪ್ರೋಟೀನು. ಕಡಲೆ ಬಿತ್ತಿದ ಹೊಲಕ್ಕೆ ಮರುವರ್ಷ ಬಿಳಿಜೋಳ ಹಾಕುವ ನಿಮ್ಮ ಅಪ್ಪನ ಲೆಕ್ಕ ಏನೆಂಬುದು ಆಗ ತಾನಾಗಿ ತಿಳಿಯುತ್ತದೆ.

ಎಣ್ಣೆ ಹೊಡೆದ ಹೊಲಕ್ಕೆ ಮಾತ್ರ ಇಳಿಯಬೇಡಿ. ಕಾಯಿಕೊರಕಕ್ಕೆಂದು ಔಷಧ ಸಿಂಪಡಿಸಿದ ಗಿಡ ಮುಟ್ಟಬೇಡಿ. ಹೊಲದಿಂದ ಬಂದಮೇಲೆ ಸೋಪು ಹಚ್ಚಿ ಕೈ ತೊಳೆಯದೆ ರೊಟ್ಟಿ ಮುರಿಯಬೇಡಿ.

ತೊಗರಿ ಹೂ ಬಿಟ್ಟಾಗ ಒಂದನ್ನು ಬಿಡಿಸಿ ಕೂಡ ನೋಡಿ. ಐದು ಎಸಳು, ಹತ್ತು ಕೇಸರ. ಒಂಬತ್ತು ಕೇಸರ ಬುಡದಲ್ಲಿ ಕೂಡಿಕೊಂಡಿರುತ್ತವೆ, ಒಂದು ಬಿಡಿಯಾಗಿರುತ್ತದೆ. ಮೆಂಡಲ್ ಪ್ರಯೋಗ ಮಾಡಿದ ಬಟಾಣಿಯ ಹೂವೂ ಹೀಗೆಯೇ, ಎರಡೂ ಒಂದೇ ಕುಟುಂಬದವು.

ಇನ್ನು ಚಿತ್ರದ ಮಾತು. ಗೆಳತಿಯ ರೆಕಾರ್ಡ್ ಬುಕ್ಕಿನ ಮೇಲೆ ಹಾಳೆ ಇಟ್ಟು ತಿದ್ದುವ ಚಾಳಿ ಬಿಡಿ. ದಿನಕ್ಕೊಂದು ಚಿತ್ರವನ್ನು ಪುಸ್ತಕ ಮುಚ್ಚಿ, ಪೆನ್ಸಿಲ್ಲಿನಲ್ಲಿ ಬರೆಯಿರಿ: ಹೂವಿನ ನೀಳಛೇದ, ನೆಫ್ರಾನ್, ನರಕೋಶ, ಹೃದಯ. ಹೃದಯದ ಚಿತ್ರದಲ್ಲಿ ಎಡಭಾಗ ನಿಮ್ಮ ಬಲಗೈ ಕಡೆಗೆ ಬರುತ್ತದೆ. ಎದುರಿಗೆ ನಿಂತವರ ಎದೆ ಅದು ಎಂದು ನೆನಪಿಟ್ಟರೆ ತಪ್ಪುವುದಿಲ್ಲ. ಎಡ ಹೃತ್ಕುಕ್ಷಿಯ ಗೋಡೆ ದಪ್ಪ, ಏಕೆಂದರೆ ಮೈಗೆಲ್ಲ ರಕ್ತ ನೂಕುವುದು ಅದೇ. ಕಾರಣ ಗೊತ್ತಿದ್ದರೆ ಗೆರೆ ತಾನೇ ಸರಿಯಾಗುತ್ತದೆ.

ಸಂತಾನೋತ್ಪತ್ತಿಯ ಪಾಠ ಬಂದಾಗ ಒಬ್ಬರನ್ನೊಬ್ಬರು ನೋಡಿ ನಗುವುದು, ಪುಟ ಹಾರಿಸುವುದು ಬೇಡ. ನಾಚಿಕೊಂಡು ಬಿಟ್ಟ ಪಾಠವೇ ಮುಂದೆ ಬಾಳಿಗೆ ಬೇಕಾಗುವುದು. ಮುಟ್ಟಿನ ಬಗ್ಗೆ ಸಂಶಯವಿದ್ದರೆ ಮೇಡಂ ಅವರನ್ನೋ ಆಶಾ ಕಾರ್ಯಕರ್ತೆಯನ್ನೋ ಕೇಳಿ. ಅನುವಂಶೀಯತೆಯ ಪಾಠವನ್ನಂತೂ ಮನೆಯಲ್ಲಿ ಜೋರಾಗಿ ಓದಿ. ತಾಯಿಯ ಅಂಡಾಣುವಿನಲ್ಲಿರುವ ಲಿಂಗ ವರ್ಣತಂತು ಎಕ್ಸ್ ಒಂದೇ. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. ಹೆಣ್ಣು ಹಡೆದಳೆಂದು ಸೊಸೆಯನ್ನು ದೂರುವವರ ಕಿವಿಗೆ ಇದು ಬೀಳಬೇಕು.

ಕನ್ನಡ ಮಾಧ್ಯಮದವರು ಈಗಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಎರಡು ಸಾಲು ಮಾಡಿಕೊಳ್ಳಿ. ಅಪಧಮನಿಯ ಪಕ್ಕ ಆರ್ಟರಿ, ಅಭಿಧಮನಿಯ ಪಕ್ಕ ವೇನ್. ಪಿಯುಸಿ ವಿಜ್ಞಾನಕ್ಕೆ ಹೋದಾಗ ಇಂಗ್ಲಿಷ್ ಪುಸ್ತಕ ಕಂಡು ಕಣ್ಣೀರು ಹಾಕುವ ಜಾಣ ಮಕ್ಕಳು ಬಹಳ. ದಿನಕ್ಕೆ ಐದು ಪದ ಸಾಕು, ಹನಿ ಹನಿ ಕೂಡಿದರೆ ಹಳ್ಳ. ನೀಟ್ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅದರ 720 ಅಂಕಗಳಲ್ಲಿ 360 ಜೀವಶಾಸ್ತ್ರದವೇ. ಡಾಕ್ಟರಾಗುವುದೊಂದೇ ದಾರಿ ಎಂದೂ ತಿಳಿಯಬೇಡಿ. ನರ್ಸಿಂಗ್ ಇದೆ, ಲ್ಯಾಬ್ ಕೆಲಸವಿದೆ, ವಿಜಯಪುರದಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಕಾಲೇಜಿದೆ.

ಪರೀಕ್ಷೆ ಹದಿನೈದು ದಿನ ಇರುವಾಗ ಪಾಸಿಂಗ್ ಪ್ಯಾಕೇಜ್ ಹಿಡಿದು ಕೂರುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಇವತ್ತೇ ಶುರುಮಾಡಿ. ನಿಮ್ಮ ಶಾಲೆಯ ಕಪಾಟಿನಲ್ಲಿ ಸೂಕ್ಷ್ಮದರ್ಶಕ ಇದ್ದರೆ ಹೊರಗೆ ತೆಗೆಯಿರಿ ಎಂದು ಸರ್ ಹತ್ತಿರ ವಿನಯದಿಂದ ಕೇಳಿ. ಕೇಳುವ ಮಕ್ಕಳಿಗೆ ಇಲ್ಲ ಅನ್ನುವ ಮಾಸ್ತರರು ಕಡಿಮೆ. ಹೋಗುವಾಗ ಒಂದು ಉಳ್ಳಾಗಡ್ಡಿ ನೀವೇ ಒಯ್ಯಿರಿ. ಅದರ ಪದರಿನ ತೆಳು ಪೊರೆಗೆ ಒಂದು ಹನಿ ಅಯೋಡಿನ್ ಹಾಕಿ, ಜೀವಕೋಶವನ್ನು ನಿಮ್ಮ ಕಣ್ಣಿನಿಂದಲೇ ನೋಡಿ ಬನ್ನಿ.