ಕಯಾಕ್ ಹತ್ತುವ ಮುನ್ನ ಮರಳುವ ಹೊತ್ತಿನ ಗಾಳಿ ವಿಚಾರಿಸಿ

ಗೋಕರ್ಣದ ಓಂ ಕಡಲತೀರದಲ್ಲಿ ಕಯಾಕ್ ಹತ್ತಲು ಬರುವ ಪ್ರವಾಸಿಗರು ಗೈಡ್‌ಗೆ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ: ತಲೆಗೆ ಎಷ್ಟು, ಫೋಟೊ ತೆಗೆದುಕೊಡುತ್ತೀರಾ, ಈಜು ಬರದಿದ್ದರೆ ನಡೆಯುತ್ತದಾ. ಮೂರಕ್ಕೂ ಸಮಾಧಾನದ ಉತ್ತರ ಸಿಕ್ಕಿತೆಂದರೆ ಲೈಫ್ ಜಾಕೆಟ್ ಕೊರಳಿಗೆ ಬೀಳುತ್ತದೆ, ದೋಣಿ ನೀರಿಗಿಳಿಯುತ್ತದೆ. ಈಗ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನಾವು ವಾಪಸು ಬರುವ ಹೊತ್ತಿಗೆ ಅದು ಎತ್ತ ತಿರುಗಿರುತ್ತದೆ ಎಂದು ಕೇಳುವವರು ವಿರಳ. ಬಂಡೆಗಳಿಂದ ತುಂಬಿದ ಕರಾವಳಿಯಲ್ಲಿ ಕಯಾಕ್ ಪಯಣದ ಕ್ಷೇಮ ನಿಂತಿರುವುದು ಈಜಿನ ಮೇಲಲ್ಲ, ಈ ಪ್ರಶ್ನೆಯ ಮೇಲೆ. ಹೊರಡುವಾಗ ಕಡಲು ಹೇಗಿದೆ ಎಂದು ನೋಡಿ ತೀರ್ಮಾನಿಸುವುದು ತಪ್ಪು ಕ್ರಮ. ಮರಳಿ ದಡ ಮುಟ್ಟಬೇಕಾದ ಹೊತ್ತನ್ನು ಮೊದಲು ನಿಗದಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬಂದು ಹೊರಡುವ ಸಮಯ, ದಿಕ್ಕು, ದೂರ ಮೂರನ್ನೂ ಗೊತ್ತುಮಾಡಬೇಕು.

ಋತುವಿನ ವಿಚಾರ ಚುಟುಕಾಗಿ ಮುಗಿಸಬಹುದು. ಉತ್ತರ ಕನ್ನಡದ ತೀರದಲ್ಲಿ ಅಕ್ಟೋಬರ್ ನಡುವಿನಿಂದ ಫೆಬ್ರುವರಿವರೆಗಿನ ಕಾಲ ಕಯಾಕ್‌ಗೆ ಒಳ್ಳೆಯದು. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧ. ಮಳೆಗಾಲದ ಆ ಕಡಲಿಗೆ ಪ್ಲಾಸ್ಟಿಕ್ ಕಯಾಕ್ ಇಳಿಸುವ ಯೋಚನೆಯೇ ಬೇಡ. ಏಪ್ರಿಲ್-ಮೇ ತಿಂಗಳುಗಳ ಬಗ್ಗೆ ಮಾತ್ರ ಒಂದು ಮಾತು ಹೆಚ್ಚು ಹೇಳಬೇಕು. ಆಗ ಇಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಉಬ್ಬಲೆಗಳು ಸಾವಿರಾರು ಕಿಲೋಮೀಟರ್ ಸಾಗಿ ಬಂದು ತೀರಕ್ಕೆ ಅಪ್ಪಳಿಸುವುದುಂಟು. ಮಲಯಾಳಿ ಮೀನುಗಾರರು ಇದನ್ನು ಕಳ್ಳಕ್ಕಡಲ್, ಅಂದರೆ ಕಳ್ಳಗಡಲು ಎನ್ನುತ್ತಾರೆ. ವಿಜ್ಞಾನಿಗಳೂ ಅದೇ ಹೆಸರನ್ನು ಒಪ್ಪಿಕೊಂಡಿದ್ದಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಅಲೆಯ ಎತ್ತರ, ಗಾಳಿ, ಉಬ್ಬಲೆಗಳ ಮುನ್ಸೂಚನೆಯನ್ನು ತನ್ನ ಜಾಲತಾಣದಲ್ಲಿ ಉಚಿತವಾಗಿ ಕೊಡುತ್ತದೆ. ಹಿಂದಿನ ಸಂಜೆ ಅದನ್ನು ನೋಡಿ. ಕರ್ನಾಟಕದ ತೀರಕ್ಕೆ ಎಚ್ಚರಿಕೆ ಇದ್ದರೆ ಕೊಟ್ಟ ಮುಂಗಡ ಹೋದರೆ ಹೋಗಲಿ ಎಂದುಕೊಳ್ಳಿ.

ಕಡಲಿಗಿಳಿಯುವ ಮೊದಲು ಒಂದು ಬೆಳಗನ್ನು ನದಿಗೆ ಕೊಡಿ. ಅಘನಾಶಿನಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ, ಸಾಲಿಗ್ರಾಮದ ಬಳಿಯ ಸೀತಾನದಿ, ಎಲ್ಲ ಕಡೆಯೂ ಕಾಂಡ್ಲಾ ಗಿಡಗಳ ಮರೆಯಲ್ಲಿ ನಿಂತಂತಿರುವ ನೀರು ಸಿಗುತ್ತದೆ. ಅಲ್ಲಿ ಕಲಿಯಬೇಕಾದದ್ದು ಹುಟ್ಟು ಹಾಕುವುದಕ್ಕಿಂತ ಹೆಚ್ಚಾಗಿ ಬಿದ್ದ ಮೇಲೆ ಹತ್ತುವುದು. ನಮ್ಮ ತೀರದಲ್ಲಿ ಪ್ರವಾಸಿಗರಿಗೆ ಸಾಮಾನ್ಯವಾಗಿ ಸಿಗುವುದು ಮೇಲೆ ಕುಳಿತುಕೊಳ್ಳುವ ಬಗೆಯ ಕಯಾಕ್. ಮಗುಚಿದರೂ ಅದು ಮುಳುಗುವುದಿಲ್ಲ, ಬಂದ ನೀರು ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಮಗುಚಿದಾಗ ಹುಟ್ಟನ್ನೂ ದೋಣಿಯನ್ನೂ ಬಿಡದೆ ಹಿಡಿದುಕೊಳ್ಳಿ. ಆಚೆ ಬದಿಯ ಅಂಚಿಗೆ ಕೈ ಚಾಚಿ ಎಳೆದು ದೋಣಿಯನ್ನು ಸರಿಮಾಡಿ. ಕಾಲುಗಳನ್ನು ನೀರಿನ ಮೇಲ್ಮಟ್ಟಕ್ಕೆ ತಂದು ಬಡಿಯುತ್ತಾ ಹೊಟ್ಟೆಯನ್ನು ದೋಣಿಯ ನಡುವಿಗೆ ಅಡ್ಡಲಾಗಿ ಹೇರಿ, ಹೊರಳಿ ಕುಳಿತು, ಆಮೇಲೆ ಕಾಲು ಒಳಗೆಳೆದುಕೊಳ್ಳಿ. ಕಾಲು ಕೆಳಗೆ ಇಳಿಬಿಟ್ಟು ಬರೀ ತೋಳಬಲದಿಂದ ಏರಲು ಹೋದರೆ ದೋಣಿ ಮತ್ತೆ ನಿಮ್ಮ ಮೇಲೆಯೇ ಮಗುಚುತ್ತದೆ. ಆಳದ ನೀರಿನಲ್ಲಿ ಮೂರು ಸಲ ಯಾರ ನೆರವೂ ಇಲ್ಲದೆ ಹತ್ತಿದವರು ಕಡಲಿಗೆ ಹೋಗಬಹುದು. ಉಳಿದವರು ಇನ್ನೊಂದು ದಿನ ನದಿಯಲ್ಲೇ ಇರಲಿ.

ಇನ್ನು ಗಾಳಿ. ಚಳಿಗಾಲದ ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲು ತಣಿಯುವುದಿಲ್ಲ. ಹೀಗಾಗಿ ಬೆಳಗಿನ ಜಾವದಲ್ಲಿ ಘಟ್ಟದ ಕಡೆಯಿಂದ ಮೂಡಗಾಳಿ ಕಡಲಿನತ್ತ ಬೀಸುತ್ತದೆ. ಬಿಸಿಲೇರಿದಂತೆ ಅದು ಕುಂದಿ, ಹತ್ತು-ಹನ್ನೊಂದರ ಹೊತ್ತಿಗೆ ಒಂದು ಬಿಡುವು ಬಂದು, ಆಮೇಲೆ ಪಡುಗಾಳಿ ಏಳುತ್ತದೆ. ನಮ್ಮ ತೀರದಲ್ಲಿ ಅದು ಬಹುಪಾಲು ವಾಯವ್ಯದಿಂದ ಬರುತ್ತದೆ ಮತ್ತು ಮಧ್ಯಾಹ್ನದ ನಂತರ ಜೋರಾಗುತ್ತದೆ. ಇದನ್ನು ಶಾಲೆಯ ಪುಸ್ತಕದಲ್ಲಿ ಎಲ್ಲರೂ ಓದಿದ್ದಾರೆ. ಆದರೆ ಮುಂಜಾನೆಯ ಆ ಮೂಡಗಾಳಿಯಲ್ಲೇ ಕಣ್ಣಿಗೆ ಬೀಳದ ಮೋಸವಿದೆ. ಗೋಕರ್ಣದ ಕಡಲತೀರಗಳ ಹಿಂದೆ ಚಿರೆಕಲ್ಲಿನ ಗುಡ್ಡಗಳು ಎದ್ದು ನಿಂತಿವೆ. ಗಾಳಿ ಅವುಗಳ ತಲೆಯ ಮೇಲಿಂದ ಹಾದು ಹೋಗುವುದರಿಂದ ಗುಡ್ಡದ ಬುಡದ ನೀರಿಗೆ ತಾಗುವುದೇ ಇಲ್ಲ. ಅಲ್ಲಿ ಕಡಲು ಸಾರಿಸಿದ ಅಂಗಳದಂತೆ ಕಾಣುತ್ತದೆ. ಗಾಳಿ ನೀರಿನ ಮೇಲೆ ಓಡಿದಷ್ಟೂ ಅಲೆ ಬೆಳೆಯುವುದರಿಂದ ಇನ್ನೂರು-ಮುನ್ನೂರು ಮೀಟರ್ ಆಚೆಯ ಪರಿಸ್ಥಿತಿ ಬೇರೆಯೇ. ಅದು ದಡದಲ್ಲಿ ನಿಂತವರ ಕಣ್ಣಿಗೆ ಕಾಣುವುದಿಲ್ಲ, ಏಕೆಂದರೆ ಅವರು ನೋಡುವುದು ಆಚೆ ಓಡುತ್ತಿರುವ ಅಲೆಗಳ ಬೆನ್ನನ್ನು. ಒಡೆಯುವ ಮುಖ ಆ ಕಡೆಗಿರುತ್ತದೆ. ಬೆನ್ನಿಗೆ ಗಾಳಿ ಇರುವುದರಿಂದ ಹೊಸಬರಿಗೆ ಹುಟ್ಟು ಹಾಕಿದಂತೆಲ್ಲ ದೋಣಿ ಹಾರುತ್ತಿರುವಂತೆ ಅನ್ನಿಸುತ್ತದೆ, ತಮ್ಮ ತೋಳಿನ ಬಲವೆಂದು ಹಿಗ್ಗುತ್ತಾರೆ. ಬಲ ಗಾಳಿಯದು ಎಂದು ಗೊತ್ತಾಗುವುದು ತಿರುಗಿದಾಗಲೇ.

ಆದ್ದರಿಂದ ದೋಣಿ ಮುಟ್ಟುವ ಮುನ್ನ ಹತ್ತು ನಿಮಿಷ ದಡದಲ್ಲಿ ನಿಂತು ನೀರನ್ನು ಬಿಟ್ಟು ಬೇರೆಲ್ಲವನ್ನೂ ನೋಡಿ. ಗುಡ್ಡದ ಮೇಲಿನ ತೆಂಗಿನ ಗರಿ ಕಡಲಿನತ್ತ ವಾಲುತ್ತಿದೆಯೇ? ಒಲೆಯ ಹೊಗೆ ಕಡಲಿನತ್ತ ಹೋಗುತ್ತಿದೆಯೇ? ಲಂಗರು ಹಾಕಿದ ದೋಣಿಗಳ ಮೂತಿ ದಡದ ಕಡೆಗಿದೆಯೇ? ಒಡೆಯುವ ಅಲೆಯ ತುದಿಯ ತುಂತುರು ಹಿಂದಕ್ಕೆ, ಕಡಲಿನತ್ತ ಹಾರುತ್ತಿದೆಯೇ? ಇವುಗಳಲ್ಲಿ ಎರಡಕ್ಕೆ ಹೌದು ಎಂದಾದರೆ ಗುಡ್ಡದ ಬುಡ ಬಿಟ್ಟು ಆಚೆ ಹೋಗಬೇಡಿ. ದೂರದಲ್ಲಿ ಅಲ್ಲಲ್ಲಿ ಬಿಳಿ ನೊರೆ ಕಂಡರೆ ಗಾಳಿ ಗಂಟೆಗೆ 12 ಕಿಲೋಮೀಟರ್ ದಾಟಿದೆ ಎಂದು ತಿಳಿಯಿರಿ; ಎಲ್ಲೆಡೆ ನೊರೆ ಕಂಡರೆ 20 ದಾಟಿರುತ್ತದೆ, ಆಗ ಹೊಸಬರು ದಡದಲ್ಲೇ ಉಳಿಯುವುದು ಸರಿ.

ಈ ಮೂಡಗಾಳಿಯಂಥ ಗಾಳಿಯನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಗೈಡ್ ಜೊತೆಗಿದ್ದೂ ಕಯಾಕ್ ಪಯಣ ದುರಂತವಾದ, ಬಹಳ ಚರ್ಚೆಯಾದ ಒಂದು ಪ್ರಕರಣ 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ನಡೆಯಿತು. ಎಂಟು ವಿದ್ಯಾರ್ಥಿಗಳು, ಒಬ್ಬ ಶಿಕ್ಷಕರು, ಇಬ್ಬರು ತರಬೇತುದಾರರು ಲೈಮ್ ರೀಜಿಸ್‌ನಿಂದ ಪಕ್ಕದ ಚಾರ್ಮತ್‌ಗೆ, ಎರಡು-ಮೂರು ಕಿಲೋಮೀಟರ್ ದೂರಕ್ಕೆ ಹೊರಟಿದ್ದರು. ಗಾಳಿ ದಡದಿಂದ ಕಡಲಿನತ್ತ ಬೀಸುತ್ತಿತ್ತು. ಹೊರಟ ಸ್ವಲ್ಪ ಹೊತ್ತಿಗೇ ಶಿಕ್ಷಕರ ದೋಣಿ ಮಗುಚಿತು, ಒಬ್ಬ ತರಬೇತುದಾರರು ಅವರ ಬಳಿ ಉಳಿದರು. ಇನ್ನೊಬ್ಬರೊಂದಿಗೆ ಎಂಟು ಮಕ್ಕಳೂ ಗಾಳಿಗೆ ಸಿಕ್ಕಿ ದೂರ ಸರಿದುಹೋದರು. ಕರಾವಳಿ ರಕ್ಷಕರಿಗೆ ಸುದ್ದಿ ಮುಟ್ಟಿದ್ದು ಗಂಟೆಗಳ ನಂತರ. ನಾಲ್ವರು ಮಕ್ಕಳು ತೀರಿಕೊಂಡರು. ಅದರ ಫಲವಾಗಿ 1995ರಲ್ಲಿ ಬ್ರಿಟನ್ ಕಿರಿಯರ ಸಾಹಸ ಚಟುವಟಿಕೆಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾಯ್ದೆ ತಂದಿತು. ಅದು ಚಳಿಗಡಲು, ನಮ್ಮದು 28 ಡಿಗ್ರಿಯ ಬೆಚ್ಚನೆ ನೀರು ಎಂದು ಹೇಳಬಹುದು. ನೀರಿನ ಚಳಿ ಅಲ್ಲಿ ಜೀವ ತೆಗೆಯಿತು, ನಿಜ. ಆದರೆ ಮಕ್ಕಳನ್ನು ಆ ಚಳಿಯ ಬಾಯಿಗೆ ಒಯ್ದದ್ದು ಗಾಳಿ. ಒಬ್ಬರು ಮಗುಚಿದೊಡನೆ ಗುಂಪು ಎರಡಾಗುವುದು, ಹಿಂತಿರುಗದವರ ಸುದ್ದಿ ದಡದಲ್ಲಿ ಯಾರಿಗೂ ತಿಳಿಯದಿರುವುದು, ಇವೆರಡಕ್ಕೂ ನೀರಿನ ಉಷ್ಣತೆಯ ಹಂಗಿಲ್ಲ.

ಇನ್ನೂ ಒಂದು ಆಕ್ಷೇಪ ಬಲವಾದದ್ದು: ಹೇಗೂ ಹತ್ತು ಗಂಟೆಯ ಮೇಲೆ ಪಡುಗಾಳಿ ಎದ್ದು ದಡಕ್ಕೇ ತಳ್ಳುತ್ತದಲ್ಲ, ಭಯವೇಕೆ? ತಳ್ಳುತ್ತದೆ, ಆದರೆ ದಡವೆಲ್ಲ ಮರಳಲ್ಲ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಇವು ಚಾಚಿದ ಬಂಡೆಗಳ ನಡುವೆ ಸಿಕ್ಕ ಮರಳಿನ ತುಣುಕುಗಳು. ಪಡುಗಾಳಿ ಮರಳನ್ನು ಹುಡುಕಿಕೊಂಡು ತಳ್ಳುವುದಿಲ್ಲ. ಮೇಲಾಗಿ ಓಂನಿಂದ ತೆಂಕಣಕ್ಕೆ ಹಾಫ್ ಮೂನ್, ಪ್ಯಾರಡೈಸ್ ನೋಡಿ ಬರುವ ಪಯಣದಲ್ಲಿ ಹಿಂತಿರುಗುವ ದಾರಿ ನೇರವಾಗಿ ವಾಯವ್ಯ ಗಾಳಿಗೆ ಎದುರು. ಹೊಸಬರ ವೇಗ ಶಾಂತ ನೀರಿನಲ್ಲೇ ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್. ಎದುರುಗಾಳಿ ಅದನ್ನು ಅರ್ಧಕ್ಕಿಳಿಸಿದರೆ ಅರ್ಧ ಗಂಟೆಯ ದಾರಿ ಒಂದು ಗಂಟೆಯಾಗುತ್ತದೆ, ಅದೂ ದಣಿದ ತೋಳುಗಳಲ್ಲಿ. ಪರಿಹಾರ ಕಷ್ಟವಲ್ಲ: ತೆಂಕಣಕ್ಕೆ ಹೋಗುವುದಿದ್ದರೆ ಸೂರ್ಯೋದಯಕ್ಕೆ ಹೊರಟು ಹತ್ತರೊಳಗೆ ಮರಳಿರಬೇಕು, ತಡವಾಗಿ ಹೊರಡುವವರು ಬಡಗಣಕ್ಕೆ, ಕುಡ್ಲೆಯ ಕಡೆ ಎದುರುಗಾಳಿಯಲ್ಲಿ ಸ್ವಲ್ಪ ದೂರ ಹೋಗಿ ಗಾಳಿಯ ಬೆನ್ನಿಗೆ ಮರಳಬೇಕು. ಸೂರ್ಯಾಸ್ತ ತೋರಿಸುವ ಕಡಲ ಕಯಾಕ್ ಪಯಣಗಳನ್ನು ನಾನು ಒಪ್ಪುವುದಿಲ್ಲ. ಸಂಜೆ ಗಾಳಿ ಇಳಿದರೂ ಅದೆಬ್ಬಿಸಿದ ಅಲೆ ಕೂಡಲೇ ಇಳಿಯುವುದಿಲ್ಲ, ಕತ್ತಲಾದ ಮೇಲೆ ನೀರಲ್ಲಿರುವ ತಲೆ ಕಾಣುವುದಿಲ್ಲ. ಸೂರ್ಯಾಸ್ತ ನದಿಯಿಂದಲೂ ಚೆನ್ನಾಗಿಯೇ ಕಾಣುತ್ತದೆ.

ಗೈಡ್‌ಗಳು ಮೀನುಗಾರರ ಮನೆಯವರು, ಅವರಿಗಿಂತ ನಮಗೆ ಹೆಚ್ಚು ಗೊತ್ತೇ ಎಂದು ಸಂಕೋಚಪಡುವವರಿದ್ದಾರೆ. ಅವರಿಗೆ ಕಡಲು ಗೊತ್ತು, ನೀವು ಗೊತ್ತಿಲ್ಲ. ಗುಂಪಿನ ವೇಗ ಅವರ ತೋಳಿನದಲ್ಲ, ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾದವರದು. ಆದ್ದರಿಂದ ಫೋನಿನಲ್ಲೇ ಕೇಳಿ: ಆರು ಜನರಿಗೆ ಗೈಡ್ ಎಷ್ಟು ಮಂದಿ? ಮುಂದೊಬ್ಬರು, ಹಿಂದೊಬ್ಬರು ಇಲ್ಲದ ಗುಂಪು ಬೇಡ. ಎಳೆಯುವ ಹಗ್ಗ, ಸೀಟಿ, ನೀರು ಹೊಗದ ಚೀಲದಲ್ಲಿ ಫೋನ್ ಇದೆಯೇ? ಎಷ್ಟು ಗಂಟೆಗೆ ಮರಳದಿದ್ದರೆ ದಡದಲ್ಲಿ ಯಾರು ಯಾರಿಗೆ ಕರೆ ಮಾಡುತ್ತಾರೆ? ಗಾಳಿ ಕೆಟ್ಟರೆ ಹಣ ಮರಳಿಸುತ್ತೀರಾ, ದಿನ ಬದಲಿಸುತ್ತೀರಾ? ಕೊನೆಯ ಪ್ರಶ್ನೆಗೆ ಸಿಡುಕುವವರಲ್ಲಿ ಹೋಗಬೇಡಿ. ರದ್ದು ಮಾಡಿದರೆ ನಷ್ಟವಾಗುವವರು ರದ್ದು ಮಾಡಲು ಹಿಂಜರಿಯುತ್ತಾರೆ. ಹೊರಟ ಹತ್ತು ನಿಮಿಷಕ್ಕೆ ಎಲ್ಲರೂ ತಿರುಗಿ ಎರಡು ನಿಮಿಷ ಹಿಂದಕ್ಕೆ ಹುಟ್ಟು ಹಾಕೋಣ ಎಂದು ಗೈಡ್‌ಗೆ ಹೇಳಿ. ದಡದ ಒಂದು ಮರ, ಹಿಂದಿನ ಒಂದು ಬಂಡೆ ಗುರುತಿಟ್ಟುಕೊಂಡು ದೋಣಿ ಸರಿಯುತ್ತಿದೆಯೇ ನೋಡಿ. ಗುಂಪಿನಲ್ಲಿ ಒಬ್ಬರದು ಸರಿಯದಿದ್ದರೂ ಪಯಣ ಅಲ್ಲಿಗೇ ಸಾಕು.

ಲೈಫ್ ಜಾಕೆಟ್‌ನ ಬಕಲ್ ಹಾಕಿ, ಪಟ್ಟಿ ಬಿಗಿದು, ಭುಜದ ಬಳಿ ಮೇಲಕ್ಕೆಳೆಸಿ ನೋಡಿ. ಕಿವಿಯವರೆಗೆ ಬಂದರೆ ಬೇರೆಯದು ಕೇಳಿ. ಬಂಡೆಗಳಿಂದ ಕನಿಷ್ಠ ಎರಡು-ಮೂರು ದೋಣಿಯುದ್ದ ದೂರವಿರಿ: ಬಡಿದು ಹಿಮ್ಮೆಟ್ಟುವ ಅಲೆ ಬರುವ ಅಲೆಯೊಂದಿಗೆ ಸೇರಿ ದಿಢೀರನೆ ಎತ್ತುತ್ತದೆ, ಕಲ್ವದ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಬಂಡೆಯ ಸಂದು, ಗವಿಗಳೊಳಗೆ ಹೋಗಬೇಡಿ. ಇಳಿತದ ಹೊತ್ತಿನಲ್ಲಿ ತದಡಿಯ ಬಳಿ ಅಘನಾಶಿನಿಯ ಅಳಿವೆ ದಾಟಬೇಡಿ, ನದಿಯ ನೀರು ಕಡಲಿಗೆ ಎಳೆಯುತ್ತದೆ. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಉದ್ದ ತೋಳಿನ ಅಂಗಿ, ಹಗ್ಗವಿರುವ ಟೋಪಿ ಬೇಕು. ತುರ್ತಿಗೆ ಕೋಸ್ಟ್ ಗಾರ್ಡ್ 1554, ಕರಾವಳಿ ಪೊಲೀಸ್ 1093. ದಡಕ್ಕೆ ಬರುವಾಗ ದೊಡ್ಡ ಅಲೆಗಳ ಸಾಲು ಹೋಗಲು ಬಿಟ್ಟು ಅದರ ಬೆನ್ನಿಗೆ ಬನ್ನಿ. ಇಳಿದ ಕೂಡಲೇ ದೋಣಿಯ ಕಡಲ ಬದಿಗೆ ಸರಿಯಿರಿ. ದೋಣಿಗೂ ದಡಕ್ಕೂ ನಡುವೆ ನಿಂತವರ ಮೊಣಕಾಲಿಗೆ ಮುಂದಿನ ಅಲೆ ದೋಣಿಯನ್ನು ತಂದು ಬಡಿಯುತ್ತದೆ.